ಕಾಲೇಜು ಟ್ರೇಲರ್‌ಗೆ ಯಾವ ಕ್ಯಾಮೆರಾ ಅಂತ ಕೇಳುವ ಮೊದಲು

ಪ್ರಾಜೆಕ್ಟ್ ಸೀಸನ್ ಬಂತೆಂದರೆ ಜೂನಿಯರ್‌ಗಳಿಂದ ನನಗೆ ಬರುವ ಮೆಸೇಜು ಒಂದೇ. "ಟ್ರೇಲರ್ ಮಾಡ್ಬೇಕು, ಯಾವ ಕ್ಯಾಮೆರಾ ಬಾಡಿಗೆಗೆ ತಗೊಳ್ಳೋಣ?"

ಓದುವಾಗ ನಾನೂ ಅದನ್ನೇ ಕೇಳಿದ್ದೆ. ಐದು ಜನ ದುಡ್ಡು ಸೇರಿಸಿ ಎರಡು ದಿನಕ್ಕೆ ಒಂದು ಮಿರರ್‌ಲೆಸ್ ಕ್ಯಾಮೆರಾ ತಂದೆವು. 4ಕೆಯಲ್ಲಿ ಕಂಡದ್ದನ್ನೆಲ್ಲ ಶೂಟ್ ಮಾಡಿದೆವು. ಆಮೇಲೆ ಆ ಫೈಲುಗಳನ್ನು ನನ್ನ 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿಗೆ ಹಾಕಿ ಪ್ಲೇ ಒತ್ತಿದೆ. ಒಂದು ಫ್ರೇಮ್ ಬಂತು. ಫ್ಯಾನು ಜೋರಾಗಿ ತಿರುಗಿತು. ಇನ್ನೊಂದು ಫ್ರೇಮ್ ಬಂತು. ಎರಡು ನಿಮಿಷದ ಟ್ರೇಲರ್ ಕತ್ತರಿಸಿ ಜೋಡಿಸಲು ಮೂರು ವಾರ ಹಿಡಿಯಿತು. ತೋರಿಸಿದ ದಿನ ಚಿತ್ರ ಚೆನ್ನಾಗಿತ್ತು, ಹೀರೋ ಮಾತ್ರ ಏನು ಹೇಳುತ್ತಿದ್ದಾನೆ ಅಂತ ಒಬ್ಬರಿಗೂ ಗೊತ್ತಾಗಲಿಲ್ಲ. ದುಡ್ಡೆಲ್ಲ ಕ್ಯಾಮೆರಾಗೆ ಹೋಗಿತ್ತು, ಮೈಕಿಗೆ ಉಳಿದಿರಲಿಲ್ಲ.

ಹಾಗಾಗಿ ಟ್ರೇಲರ್‌ಗೆ ಬೇಕಾದ ಸಾಮಾನು, ಸಾಫ್ಟ್‌ವೇರ್‌ಗಳ ಈ ಹೋಲಿಕೆ ಉಲ್ಟಾ ದಾರಿಯಲ್ಲಿ ಹೋಗುತ್ತದೆ. ಕೊನೆಗೆ ಕೂತು ಮಾಡುವ ಕೆಲಸ ಎಡಿಟಿಂಗ್. ಅದಕ್ಕೆ ನಿಮ್ಮ ಹತ್ತಿರ ಏನಿದೆ ಅಂತ ಮೊದಲು ನೋಡಿ. ಕ್ಯಾಮೆರಾ ಆಮೇಲೆ.

ಟ್ರೇಲರೇ ಬೇಕಾ, ಟೀಸರ್ ಸಾಕಾ?

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಇಲ್ಲಿಂದಲೇ ಶುರು ಮಾಡಿ. ಟೀಸರ್ ಅಂದರೆ 30 ಸೆಕೆಂಡಿನಿಂದ ಒಂದು ನಿಮಿಷ. ಒಂದು ಕುತೂಹಲ ಹುಟ್ಟಿಸಿ ಜಾಗ ಖಾಲಿ ಮಾಡುತ್ತದೆ. ಟ್ರೇಲರ್ ಅಂದರೆ ಒಂದೂವರೆಯಿಂದ ಎರಡೂವರೆ ನಿಮಿಷ, ಕಥೆಯ ದಾರಿ ಗೊತ್ತಾಗಬೇಕು. ಅಮೆರಿಕದ ಥಿಯೇಟರ್ ಮಾಲೀಕರ ಸಂಘವೇ 2014ರಲ್ಲಿ ಟ್ರೇಲರ್ ಎರಡು ನಿಮಿಷ ದಾಟಬಾರದು ಅಂತ ಕೇಳಿಕೊಂಡಿತ್ತು. ಕೋಟಿಗಟ್ಟಲೆ ಸುರಿದವರಿಗೇ ಎರಡು ನಿಮಿಷ ಸಾಕು ಅಂದಮೇಲೆ ನಮಗೆ ಒಂದೂವರೆ ನಿಮಿಷ ಧಾರಾಳ.

ಯಾರೂ ಮೊದಲೇ ಹೇಳದ ವಿಷಯ ಒಂದಿದೆ. ಕಾಲೇಜು ಟ್ರೇಲರ್ ಹೆಚ್ಚಾಗಿ ಇಲ್ಲದ ಸಿನಿಮಾದ ಟ್ರೇಲರ್. ದೊಡ್ಡವರು ನೂರಾರು ಗಂಟೆ ಶೂಟ್ ಮಾಡಿದ್ದರಲ್ಲಿ ಆರಿಸಿಕೊಳ್ಳುತ್ತಾರೆ. ನಾವು ಆ ಆರಿಸಿದ ತುಣುಕುಗಳನ್ನು ಮಾತ್ರ ಶೂಟ್ ಮಾಡಬೇಕು. ಐದು ನಿಮಿಷದ ಕಿರುಚಿತ್ರವನ್ನು ಒಂದೇ ರೂಮಿನಲ್ಲಿ ಮುಗಿಸಬಹುದು. ಒಂದೂವರೆ ನಿಮಿಷದ ಟ್ರೇಲರ್‌ಗೆ ಸುಮಾರು 50 ಶಾಟ್, ಏಳೆಂಟು ಜಾಗ, ಮೂರ್ನಾಲ್ಕು ಜೊತೆ ಬಟ್ಟೆ ಬೇಕಾಗುತ್ತದೆ. ಬೆಳಿಗ್ಗೆ ಬಸ್‌ಸ್ಟ್ಯಾಂಡು, ಮಧ್ಯಾಹ್ನ ಕ್ಲಾಸ್‌ರೂಮು, ಸಂಜೆ ಟೆರೇಸು ಅಂತ ಓಡಾಟವೇ ಜಾಸ್ತಿ. ತಂಡದಲ್ಲಿ ನಾಲ್ಕು ಜನಕ್ಕಿಂತ ಕಡಿಮೆ ಇದ್ದರೆ ನನ್ನ ಮಾತು ಕೇಳಿ, ಟೀಸರ್ ಆರಿಸಿ.

ರಿಸರ್ಚ್: ಸರ್ವೆನಾ, ಎಣಿಕೆನಾ, ಐದು ಜನನಾ?

ಸರ್ವೆ ಅಂದರೆ ಎಲ್ಲರಿಗೂ ಇಷ್ಟ. ಗೂಗಲ್ ಫಾರ್ಮ್ ಮಾಡಿ ಕ್ಲಾಸಿನ ಗ್ರೂಪಿಗೆ ಬಿಟ್ಟರೆ ಸಂಜೆಯೊಳಗೆ ಪೈ ಚಾರ್ಟ್ ರೆಡಿ. ರಿಪೋರ್ಟಿನಲ್ಲಿ ಚೆನ್ನಾಗಿ ಕಾಣುತ್ತದೆ, ಅದಕ್ಕೊಂದು ಅಂಕವೂ ಇರುತ್ತದೆ. ಆದರೆ "ನಿಮಗೆ ಥ್ರಿಲ್ಲರ್ ಇಷ್ಟವಾ?" ಅಂದರೆ ನಿಮ್ಮ ಗೆಳೆಯರು "ಹೌದು" ಅನ್ನದೆ ಇನ್ನೇನು ಅನ್ನುತ್ತಾರೆ? ಆ ಉತ್ತರದಿಂದ ಒಂದು ಶಾಟ್ ಕೂಡ ಬದಲಾಗುವುದಿಲ್ಲ. ಉತ್ತರ ಬಂದಮೇಲೆ ನೀವು ಏನನ್ನಾದರೂ ಬದಲಿಸುತ್ತೀರಿ ಅನ್ನುವಂಥ ಪ್ರಶ್ನೆಗೆ ಮಾತ್ರ ಫಾರ್ಮ್ ಮಾಡಿ. ಎರಡು ಪೋಸ್ಟರ್‌ನಲ್ಲಿ ಯಾವುದು, ಎರಡು ಹೆಸರಿನಲ್ಲಿ ಯಾವುದು ಅನ್ನುವುದಕ್ಕೆ ಫಾರ್ಮ್ ಕೂಡ ಬೇಡ, ವಾಟ್ಸಾಪ್ ಪೋಲ್ ಸಾಕು.

ನಿಜಕ್ಕೂ ಕಲಿಸುವುದು ಎಣಿಕೆ. ನಿಮ್ಮ ಕಥೆಯ ಜಾತಿಗೇ ಸೇರಿದ ಮೂರು ಟ್ರೇಲರ್ ಆರಿಸಿ. ಎರಡು ಕನ್ನಡದ್ದು ಇರಲಿ, ಒಂದು ಬೇರೆ ಭಾಷೆಯದ್ದು. ಕಂಪ್ಯೂಟರಿನಲ್ಲಿ ಯೂಟ್ಯೂಬ್ ನಿಲ್ಲಿಸಿ ಅಲ್ಪವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಹಿಂದಕ್ಕೆ ಹೋಗುತ್ತದೆ, ಚುಕ್ಕೆಯ ಕೀಲಿ ಒತ್ತಿದರೆ ಒಂದು ಫ್ರೇಮ್ ಮುಂದಕ್ಕೆ. ಒಂದು ಶೀಟಿನಲ್ಲಿ ನಾಲ್ಕು ಕಾಲಂ ಹಾಕಿ: ಎಷ್ಟನೇ ಸೆಕೆಂಡು, ಕ್ಲೋಸಾ (ಹತ್ತಿರದ್ದಾ) ವೈಡಾ (ದೂರದ್ದಾ), ಏನು ಕೇಳಿಸುತ್ತಿದೆ, ಪರದೆ ಮೇಲೆ ಏನು ಬರೆದಿದೆ. ಒಂದು ಟ್ರೇಲರ್‌ಗೆ ಒಂದೂವರೆ ಗಂಟೆ ಬೇಕು. ಬೇಜಾರಿನ ಕೆಲಸ, ನಿಜ. ಆದರೆ ಮೂರನೆಯದಕ್ಕೆ ಬರುವಷ್ಟರಲ್ಲಿ ಹೊಳೆಯತೊಡಗುತ್ತದೆ. ಮೊದಲ ಅರ್ಧದಲ್ಲಿ ಶಾಟುಗಳು ಉದ್ದ, ನಡುವೆ ಎಲ್ಲೋ ಸದ್ದು ಪೂರ್ತಿ ನಿಲ್ಲುತ್ತದೆ, ಆಮೇಲೆ ಕಟ್‌ಗಳು ಮಳೆ ಹನಿಯ ಹಾಗೆ. ಮಾತು ಮತ್ತು ಮುಖ ಒಟ್ಟಿಗೆ ಇರುವುದೇ ಕಡಿಮೆ. ಒಬ್ಬ ಮಾತಾಡುತ್ತಿದ್ದರೆ ಪರದೆ ಮೇಲೆ ಬೇರೆ ಏನೋ ಓಡುತ್ತಿರುತ್ತದೆ. ಈ ಕೊನೆಯದನ್ನು ನೆನಪಿಡಿ, ಸೌಂಡಿನ ಮಾತು ಬಂದಾಗ ಇದೇ ನಿಮ್ಮನ್ನು ಉಳಿಸುತ್ತದೆ.

ಯೂಟ್ಯೂಬ್ ಕಾಮೆಂಟ್ ಓದಿ ಪ್ರೇಕ್ಷಕರ ಅಭಿರುಚಿ ಅಂತ ಬರೆಯುವವರೂ ಇದ್ದಾರೆ. ಅಲ್ಲಿರುವುದು ಅಭಿಮಾನಿ ಸಂಘ, ಪ್ರೇಕ್ಷಕರಲ್ಲ. ಸುಮ್ನೆ ಬಿಡಿ.

ಐದು ಜನರನ್ನು ಕೂರಿಸಿ ತೋರಿಸುವುದು ಮೂರನೆಯ ದಾರಿ. ಅದು ರಫ್ ಕಟ್ (ಮೊದಲ ಕಚ್ಚಾ ಜೋಡಣೆ) ಆದಮೇಲೆ, ಕೊನೆಯಲ್ಲಿ ಹೇಳುತ್ತೇನೆ.

ಸ್ಟೋರಿಬೋರ್ಡಿಗೆ, ಅಂದರೆ ಶಾಟುಗಳನ್ನು ಮೊದಲೇ ಚಿತ್ರ ಬರೆದು ನೋಡುವುದಕ್ಕೆ, ಸ್ಟೋರಿಬೋರ್ಡರ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಎಐಗೆ ಹೇಳಿ ಚಿತ್ರ ಬರೆಸುವವರೂ ಇದ್ದಾರೆ. ನನ್ನ ಓಟು ಪೆನ್ಸಿಲ್ಲಿಗೆ. ಎಐ ಬರೆದ ಬೋರ್ಡಿನಲ್ಲಿ ಕ್ರೇನ್ ಶಾಟ್, ಮಂಜು, ಮುಳುಗುವ ಸೂರ್ಯ ಎಲ್ಲ ಇರುತ್ತದೆ. ನಿಮ್ಮ ಹತ್ತಿರ ಇರುವುದು ಹಾಸ್ಟೆಲ್ಲಿನ ಟೆರೇಸು. ಕಡ್ಡಿ ಮನುಷ್ಯರನ್ನು ಬರೆದರೆ ನಿಮ್ಮ ಕೈಲಿ ಆಗುವುದನ್ನೇ ಬರೆಯುತ್ತೀರಿ.

ಲ್ಯಾಪ್‌ಟಾಪ್ ಹೇಳಿದ್ದನ್ನು ಕೇಳಿ

ಈಗ ಎಡಿಟಿಂಗ್. ಸಾಫ್ಟ್‌ವೇರ್ ಆರಿಸುವುದು ನೀವಲ್ಲ, ನಿಮ್ಮ ಲ್ಯಾಪ್‌ಟಾಪು.

ರ‍್ಯಾಮ್ 16 ಜಿಬಿ ಇದೆ, ಗ್ರಾಫಿಕ್ಸ್ ಕಾರ್ಡೂ ಇದೆ ಅಂದರೆ ಯೋಚನೆ ಬೇಡ, ಡಾವಿಂಚಿ ರಿಸಾಲ್ವ್ ಹಾಕಿಕೊಳ್ಳಿ. ಉಚಿತ ಆವೃತ್ತಿಯಲ್ಲೇ ಕಟಿಂಗ್, ಕಲರ್, ಸೌಂಡ್ ಎಲ್ಲ ಇದೆ. ವಾಟರ್‌ಮಾರ್ಕ್ ಇಲ್ಲದೆ ಅಲ್ಟ್ರಾ ಎಚ್‌ಡಿವರೆಗೆ ಎಕ್ಸ್‌ಪೋರ್ಟ್ ಆಗುತ್ತದೆ. ಮುಂದೆ ಇದೇ ಕ್ಷೇತ್ರಕ್ಕೆ ಹೋಗುವವರಿಗೆ ಕಲಿತದ್ದು ವ್ಯರ್ಥವಾಗುವುದಿಲ್ಲ, ದೊಡ್ಡ ಸಿನಿಮಾಗಳ ಕಲರ್ ಕೆಲಸವೂ ಇದರಲ್ಲೇ ನಡೆಯುತ್ತದೆ. 8 ಜಿಬಿಯಲ್ಲಿ ಮಾತ್ರ ಅದು ನಿಮ್ಮ ಕಣ್ಣಲ್ಲಿ ನೀರು ತರಿಸುತ್ತದೆ.

ಹಳೆಯ ಲ್ಯಾಪ್‌ಟಾಪ್ ಇದ್ದವರಿಗೆ, ಉಬುಂಟು ಇರುವ ಕಾಲೇಜು ಲ್ಯಾಬ್‌ನಲ್ಲಿ ಕೂರುವವರಿಗೆ ಕೆಡೆನ್‌ಲೈವ್. ಇದು ಮುಕ್ತ ತಂತ್ರಾಂಶ, ವಿಂಡೋಸ್‌ನಲ್ಲೂ ಓಡುತ್ತದೆ. ನೋಡಲು ಅಷ್ಟು ಚಂದ ಇಲ್ಲ. ಆಗಾಗ ತಾನಾಗಿ ಮುಚ್ಚಿಕೊಳ್ಳುವ ಚಾಳಿಯೂ ಇದೆ, ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡಿ. ಆದರೆ ಬಡ ಕಂಪ್ಯೂಟರಿನ ಮೇಲೆ ಕರುಣೆ ಇದೆ. ಲಿನಕ್ಸ್‌ನಲ್ಲಿ ಉಚಿತ ರಿಸಾಲ್ವ್ ಹಾಕಿಕೊಂಡು ಫೋನಿನ ಎಂಪಿ4 ಫೈಲ್ ತೆರೆಯಲು ಹೋದರೆ ತಕರಾರು ಶುರುವಾಗುತ್ತದೆ. ಅಲ್ಲಿ ಕೆಡೆನ್‌ಲೈವೇ ವಾಸಿ.

ಅಡೋಬಿ ಪ್ರೀಮಿಯರ್ ಪ್ರೊ ಒಳ್ಳೆಯದೇ, ಆದರೆ ತಿಂಗಳು ತಿಂಗಳು ಚಂದಾ ಕಟ್ಟಬೇಕು. ಕಾಲೇಜು ಲ್ಯಾಬ್‌ನಲ್ಲಿ ಲೈಸೆನ್ಸ್ ಇದ್ದರೆ ಬಳಸಿ. ಒಂದು ಟ್ರೇಲರ್‌ಗೋಸ್ಕರ ಕೈಯಿಂದ ಹಾಕಬೇಡಿ. ಕ್ರ್ಯಾಕ್ ಮಾಡಿದ್ದನ್ನು ಹಾಕಿಕೊಂಡು, ಸಬ್‌ಮಿಷನ್ ಹಿಂದಿನ ರಾತ್ರಿ ವೈರಸ್ ಬಂತು ಅಂತ ಫೋನ್ ಮಾಡಬೇಡಿ.

ಲ್ಯಾಪ್‌ಟಾಪೇ ಇಲ್ಲದಿದ್ದರೆ? ಫೋನಿನಲ್ಲೇ ಮಾಡಬಹುದು, ಅದರಲ್ಲಿ ಅವಮಾನ ಏನಿಲ್ಲ. ಯೂಟ್ಯೂಬಿನಲ್ಲಿ ಹೊರದೇಶದವರೆಲ್ಲ ಕ್ಯಾಪ್‌ಕಟ್ ಅನ್ನುತ್ತಾರೆ, ಅದು ನಮ್ಮಲ್ಲಿ ಅಧಿಕೃತವಾಗಿ ಸಿಗುವುದಿಲ್ಲ. ಕೈನ್‌ಮಾಸ್ಟರ್ ದುಡ್ಡು ಕೊಡದಿದ್ದರೆ ತನ್ನ ಮುದ್ರೆ ಒತ್ತುತ್ತದೆ. ವಿಎನ್ ಒಳ್ಳೆಯ ಆಯ್ಕೆ. 30 ಸೆಕೆಂಡಿನ ಟೀಸರ್‌ಗೆ ಫೋನ್ ಸಾಕು. ಎರಡು ನಿಮಿಷದ ಟ್ರೇಲರ್‌ನಲ್ಲಿ ಸಂಗೀತ, ಮಾತು, ಎಫೆಕ್ಟ್ ಅಂತ ಐದಾರು ಸೌಂಡ್ ಪದರ ಬಂದಾಗ ಆ ಪುಟ್ಟ ಪರದೆಯಲ್ಲಿ ಬೆರಳು ಎಲ್ಲಿ ಇಟ್ಟೆ ಅಂತಲೇ ಗೊತ್ತಾಗುವುದಿಲ್ಲ.

ಯಾವುದನ್ನೇ ಆರಿಸಿ, ಪ್ರಾಕ್ಸಿ ಅನ್ನುವ ಪದ ಕಲಿತುಕೊಳ್ಳಿ. ದೊಡ್ಡ ಫೈಲಿನ ಹಗುರ ನಕಲು ಮಾಡಿ, ಅದರಲ್ಲಿ ಎಡಿಟ್ ಮಾಡಿ, ಕೊನೆಗೆ ಎಕ್ಸ್‌ಪೋರ್ಟ್ ಮಾತ್ರ ಮೂಲ ಫೈಲಿನಿಂದ. ರಿಸಾಲ್ವ್, ಕೆಡೆನ್‌ಲೈವ್, ಪ್ರೀಮಿಯರ್ ಮೂರರಲ್ಲೂ ಇದೆ. ನನಗೆ ಆ ಮೂರು ವಾರದ ಹಿಂದೆ ಯಾರಾದರೂ ಇದನ್ನು ಹೇಳಿದ್ದರೆ!

ಇನ್ನೊಂದು ಕಾಟ. ಫೋನುಗಳು ಸಾಮಾನ್ಯವಾಗಿ ಫ್ರೇಮ್ ರೇಟನ್ನು (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದನ್ನು) ಒಂದೇ ಸಮ ಇಡುವುದಿಲ್ಲ, ಬೆಳಕು ಕಡಿಮೆಯಾದರೆ ಮೆಲ್ಲಗೆ ಇಳಿಸುತ್ತವೆ. ಟೈಮ್‌ಲೈನಿಗೆ (ಕ್ಲಿಪ್ ಸಾಲಾಗಿ ಜೋಡಿಸುವ ಜಾಗಕ್ಕೆ) ಹಾಕಿದಾಗ ತುಟಿ ಒಂದು ಕಡೆ, ಮಾತು ಒಂದು ಕಡೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಸ್ಥಿರ ಫ್ರೇಮ್ ರೇಟ್ ಆರಿಸಿ ಒಮ್ಮೆ ಬದಲಾಯಿಸಿಕೊಂಡರೆ ಸರಿಹೋಗುತ್ತದೆ.

ದುಡ್ಡು ಇರುವುದು ಒಂದಕ್ಕೇ ಅಂದರೆ, ಸೌಂಡಿಗೆ ಹಾಕಿ

ಚಿತ್ರ ಸ್ವಲ್ಪ ಮಸುಕಾಗಿದ್ದರೆ "ಸ್ಟೈಲ್" ಅನ್ನಬಹುದು. ಮಾತು ಕೇಳದಿದ್ದರೆ ಏನು ಅನ್ನುತ್ತೀರಿ?

ಕ್ಯಾಮೆರಾದ ಸ್ವಂತ ಮೈಕ್ ಲೆಕ್ಕಕ್ಕೇ ಇಲ್ಲ. ಅದಕ್ಕೆ ಹೀರೋ, ಹಿಂದೆ ಹೋಗುವ ಆಟೋ, ಪಕ್ಕದ ಮನೆ ಕುಕ್ಕರ್ ಎಲ್ಲ ಒಂದೇ. ಕಾಲರಿಗೆ ಸಿಕ್ಕಿಸುವ ವೈರ್ ಮೈಕ್ ಅಗ್ಗ, ಬೋಯಾ ಬಿವೈ-ಎಂ1 ಥರದ್ದು, 6 ಮೀಟರ್ ವೈರ್ ಇರುತ್ತದೆ. ಈಗಿನ ಕೆಲವು ಫೋನುಗಳಲ್ಲಿ 3.5 ಎಂಎಂ ತೂತೇ ಇಲ್ಲ, ಕನ್ವರ್ಟರ್ ಬೇಕಾದೀತು, ಕೊಳ್ಳುವ ಮೊದಲು ಚುಚ್ಚಿ ನೋಡಿ. ವೈರ್‌ಲೆಸ್ ಜೋಡಿ ಮೈಕ್ ಅನುಕೂಲ, ಓಡಾಡುವ ದೃಶ್ಯಕ್ಕೆ ಬೇಕೇ ಬೇಕು. ಆದರೆ ಚಾರ್ಜ್ ಖಾಲಿಯಾಗುವುದು ಯಾವಾಗಲೂ ಒಳ್ಳೆಯ ಟೇಕ್‌ನ ನಡುವೆಯೇ.

ಬಿಟ್ಟಿ ದಾರಿಯೂ ಇದೆ. ಇನ್ನೊಂದು ಫೋನಿನಲ್ಲಿ ರೆಕಾರ್ಡರ್ ಆನ್ ಮಾಡಿ ನಟನ ಅಂಗಿ ಜೇಬಿಗೆ ಹಾಕಿ. ಶುರುವಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಎಡಿಟ್‌ನಲ್ಲಿ ಚಪ್ಪಾಳೆಗೆ ಚಪ್ಪಾಳೆ ಹೊಂದಿಸಿದರೆ ಸಿಂಕ್ ಆಯಿತು.

ಮತ್ತೆ ನೆನಪಿಡಿ ಅಂದಿದ್ದೆನಲ್ಲ, ಟ್ರೇಲರ್‌ನಲ್ಲಿ ಮಾತಾಡುವವನ ಮುಖ ಕಾಣುವುದೇ ಕಡಿಮೆ. ಹಾಗಾದರೆ ಬಹುಪಾಲು ಮಾತನ್ನು ಶೂಟಿಂಗ್ ಜಾಗದಲ್ಲಿ ರೆಕಾರ್ಡ್ ಮಾಡುವ ಅಗತ್ಯವೇ ಇಲ್ಲ, ಅಲ್ವಾ? ಮನೆಯಲ್ಲಿ ಬಟ್ಟೆ ತುಂಬಿದ ಬೀರು ತೆರೆದು ಅದರ ಮುಂದೆ ನಿಲ್ಲಿ, ತಲೆ ಮೇಲೆ ಕಂಬಳಿ ಹೊದ್ದುಕೊಳ್ಳಿ, ಫ್ಯಾನ್ ಆಫ್ ಮಾಡಿ. ಅಡಾಸಿಟಿ ಅನ್ನುವ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಸ್ವಚ್ಛ ಮಾಡಿಕೊಳ್ಳಿ. ಬೇಸಿಗೆಯಲ್ಲಿ ಬೆವರಿಳಿಯುತ್ತದೆ. ಆದರೆ ಆ ದನಿ ಬಾಡಿಗೆ ಮೈಕಿನಿಂದ ರಸ್ತೆಯಲ್ಲಿ ಹಿಡಿದದ್ದಕ್ಕಿಂತ ನೂರು ಪಾಲು ಚೆನ್ನಾಗಿರುತ್ತದೆ. ಜಾಗದಲ್ಲಿ ಮಾಡಬೇಕಾದ್ದು ಒಂದೇ: ಎಲ್ಲರೂ ಬಾಯಿ ಮುಚ್ಚಿ ನಿಂತು 30 ಸೆಕೆಂಡು ಸುತ್ತಲಿನ ಸದ್ದು ಹಿಡಿದುಕೊಳ್ಳಿ. ಮನೆಯ ದನಿಯ ಕೆಳಗೆ ಅದನ್ನು ಹಾಕಿದರೆ ಅಲ್ಲೇ ಮಾತಾಡಿದ ಹಾಗಿರುತ್ತದೆ.

ಈಗ ಕ್ಯಾಮೆರಾ

ಫೋನಾ, ಡಿಎಸ್‌ಎಲ್‌ಆರಾ? ಅಮೆರಿಕದ ನಿರ್ದೇಶಕ ಶಾನ್ ಬೇಕರ್ ತನ್ನ "ಟ್ಯಾಂಜರೀನ್" ಚಿತ್ರವನ್ನು ಐಫೋನ್ 5ಎಸ್‌ನಲ್ಲಿ ಶೂಟ್ ಮಾಡಿದ, 2015ರಲ್ಲಿ ಅದು ಥಿಯೇಟರಿಗೇ ಬಂತು. ಈಗ ನಿಮ್ಮ ಜೇಬಿನಲ್ಲಿರುವ ಫೋನು ಅದಕ್ಕಿಂತ ಹಿಂದಿನದ್ದಂತೂ ಇರಲಾರದು. ಅವನ ಹತ್ತಿರ ಲೆನ್ಸ್ ಅಡಾಪ್ಟರ್ ಇತ್ತು, ಕೈಯಿಂದ ನಿಯಂತ್ರಿಸುವ ಆ್ಯಪ್ ಇತ್ತು, ಆಸೆಗಿಂತ ಜಾಸ್ತಿ ಅಭ್ಯಾಸ ಇತ್ತು ಅನ್ನುವುದನ್ನೂ ಸೇರಿಸಿಕೊಳ್ಳಿ.

ನನ್ನ ಲೆಕ್ಕ ಹೀಗೆ. ಹಗಲು, ಹೊರಗೆ, ಓಡಾಟ ಅಂದರೆ ಫೋನ್. ಬಸ್ಸಿನಲ್ಲಿ, ಸಂತೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ರಾತ್ರಿ ದೃಶ್ಯ ಜಾಸ್ತಿ ಇದ್ದರೆ, ಹಿನ್ನೆಲೆ ನಿಜವಾಗಿ ಮಸುಕಾಗಬೇಕು ಅಂದರೆ, 50 ಎಂಎಂ ಎಫ್/1.8 ಲೆನ್ಸ್ ಹಾಕಿದ ಹಳೆಯ ಡಿಎಸ್‌ಎಲ್‌ಆರ್ ಸಾಕು. ಕಾಲೇಜು ಕಪಾಟಿನಲ್ಲಿ ಒಂದು ಇದ್ದೇ ಇರುತ್ತದೆ, ಕೇಳಿ ನೋಡಿ. ಹೊಸ ಮಿರರ್‌ಲೆಸ್ ಬಾಡಿಗೆಗೆ ತರುವುದು ಕೊನೆಯ ಮಾತು. ಬಾಡಿಗೆ ಕ್ಯಾಮೆರಾ ಅಂದರೆ ಗಡಿಯಾರ. ಎರಡನೆಯ ದಿನ ಮಳೆ ಬಂದರೆ ಮೂರನೆಯ ದಿನದ ದುಡ್ಡು ಯಾರು ಕೊಡುತ್ತಾರೆ?

ಎರಡೂ ಬೆರೆಸುವುದಾದರೆ ಸೆಟ್ಟಿಂಗ್ ಒಂದೇ ಇರಲಿ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡು ಇಟ್ಟರೆ ಟ್ಯೂಬ್‌ಲೈಟ್ ಮಿನುಗುವ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಅಮೆರಿಕದವರ ವಿಡಿಯೊ ನೋಡಿ 30 ಫ್ರೇಮ್, 1/60 ಇಟ್ಟವರ ಕ್ಲಾಸ್‌ರೂಮ್ ದೃಶ್ಯದಲ್ಲಿ ಗೋಡೆ ಮೇಲೆ ಕಪ್ಪು ಪಟ್ಟೆ ಹರಿಯುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಫೋನಿನ ಮಾಮೂಲಿ ಆ್ಯಪ್ ಇದನ್ನು ಬಿಡದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನುವ ಉಚಿತ ಆ್ಯಪ್ ಇದೆ, ಆದರೆ ಆಂಡ್ರಾಯ್ಡಿನಲ್ಲಿ ಎಲ್ಲ ಫೋನಿಗೂ ಸಿಗುವುದಿಲ್ಲ. ಸಿಗದವರಿಗೆ ಓಪನ್ ಕ್ಯಾಮೆರಾ ಇದೆ. ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ.

4ಕೆ ಬೇಕಾ? ಐಫೋನಿನ ಲೆಕ್ಕದಲ್ಲೇ ನೋಡಿ. ಹೈ ಎಫಿಷಿಯನ್ಸಿ ಅನ್ನುವ ಸೆಟ್ಟಿಂಗಿನಲ್ಲಿ 1080ಪಿ 30 ಫ್ರೇಮಿಗೆ ನಿಮಿಷಕ್ಕೆ ಸುಮಾರು 60 ಎಂಬಿ, 4ಕೆ ಆದರೆ ಸುಮಾರು 170. ಹಳೆಯ ಲ್ಯಾಪ್‌ಟಾಪಿಗೆ 1080ಪಿ ಸಾಕು. ಮತ್ತೆ ದಯವಿಟ್ಟು ಕ್ಲಿಪ್‌ಗಳನ್ನು ವಾಟ್ಸಾಪಿನಲ್ಲಿ ವಿಡಿಯೊ ಥರ ಕಳಿಸಬೇಡಿ, ಹಿಂಡಿ ಹಿಪ್ಪೆ ಮಾಡಿಬಿಡುತ್ತದೆ. ಡಾಕ್ಯುಮೆಂಟ್ ಥರ ಕಳಿಸಿ. ಅದಕ್ಕಿಂತ ವಾಸಿ, ಕೇಬಲ್ ಹಾಕಿ ಕಾಪಿ ಮಾಡಿ, ಎರಡು ಕಡೆ ಇಡಿ.

ಡ್ರೋನ್ ಶಾಟ್ ಬೇಕು ಅನ್ನುವವರು ಒಬ್ಬರು ಪ್ರತಿ ತಂಡದಲ್ಲೂ ಇರುತ್ತಾರೆ. ಡ್ರೋನ್ 250 ಗ್ರಾಂ ಒಳಗಿದ್ದರೂ ರೆಡ್ ಝೋನ್‌ನಲ್ಲಿ (ಸರ್ಕಾರದ ಅನುಮತಿ ಬೇಕಾದ ಜಾಗದಲ್ಲಿ) ಸುಮ್ಮನೆ ಹಾರಿಸುವಂತಿಲ್ಲ, ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಲೇಬೇಕು. ಮೂರನೇ ಮಹಡಿ ಕಿಟಕಿಯಿಂದ ಕೆಳಗೆ ಶೂಟ್ ಮಾಡಿ, ಮುಗೀತು. ಬೆಂಗಳೂರಿನವರು ಮೆಟ್ರೊ, ಕಬ್ಬನ್ ಪಾರ್ಕ್, ಲಾಲ್‌ಬಾಗ್ ಅಂತ ಬರೆದುಕೊಳ್ಳುವ ಮೊದಲು ಅನುಮತಿಯ ವಿಷಯ ವಿಚಾರಿಸಿ.

ಕನ್ನಡ ಅಕ್ಷರ ಒಡೆಯದ ಹಾಗೆ

ಇದನ್ನು ಇಂಗ್ಲಿಷ್ ಗೈಡುಗಳು ಹೇಳುವುದಿಲ್ಲ, ಅವರಿಗೆ ಈ ಕಷ್ಟವೇ ಇಲ್ಲ. ಎಡಿಟಿಂಗ್ ಸಾಫ್ಟ್‌ವೇರಿನ ಟೈಟಲ್ ಟೂಲಿನಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಪಕ್ಕಕ್ಕೆ ಜಾರುವುದು, ಅರ್ಕಾವತ್ತು ಎಲ್ಲೋ ಕೂರುವುದು ಮಾಮೂಲಿ. ಮೊದಲ ದಿನವೇ "ಸ್ತ್ರೀ", "ಸೂರ್ಯ", "ರಾಷ್ಟ್ರ" ಈ ಮೂರು ಪದ ಹೊಡೆದು ನೋಡಿ. ಮೂರೂ ಸರಿ ಬಂದರೆ ಆ ಟೂಲೇ ಸಾಕು. ಪ್ರೀಮಿಯರ್‌ನಲ್ಲಿ ದಕ್ಷಿಣ ಏಷ್ಯಾ ಲಿಪಿಗಳಿಗೆ ಅಂತ ಪ್ರಿಫರೆನ್ಸ್‌ನಲ್ಲಿ ಬೇರೆ ಆಯ್ಕೆ ಇದೆ, ಅದನ್ನು ಆನ್ ಮಾಡಬೇಕು.

ಬರಲಿಲ್ಲವಾ? ಇಂಕ್‌ಸ್ಕೇಪ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಟೈಟಲ್ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ಟೈಮ್‌ಲೈನಿಗೆ ಎಳೆದುಕೊಳ್ಳಿ. ನಾನು ಈಗ ಯಾವಾಗಲೂ ಹೀಗೇ ಮಾಡುವುದು. ಹಳೆಯ ನುಡಿ ಫಾಂಟುಗಳನ್ನು ಬಳಸಿ ಪಾರಾಗುವ ಉಪಾಯವೂ ಇದೆ, ಡಿಟಿಪಿ ಅಂಗಡಿಯವರು ಅದನ್ನೇ ಮಾಡುತ್ತಾರೆ. ಆದರೆ ಆ ಪಠ್ಯ ಯೂನಿಕೋಡ್ ಅಲ್ಲ, ಫಾಂಟ್ ಬದಲಿಸಿದರೆ ಕಸ.

ಯೂನಿಕೋಡ್ ಫಾಂಟುಗಳು ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ದಪ್ಪ, ತಮಾಷೆಯ ಕಥೆಗೆ ಬಲೂ ತಮ್ಮ. ಗಂಭೀರ, ಹಳೆಯ ಕಾಲದ ಛಾಯೆಗೆ ತಿರೊ ಕನ್ನಡ. ಸಣಕಲಿನಿಂದ ದಪ್ಪದವರೆಗೆ ಎಲ್ಲ ಬೇಕು ಅಂದರೆ ಅನೇಕ್ ಕನ್ನಡ, ಥ್ರಿಲ್ಲರಿಗೆ ಇದರ ತೆಳ್ಳನೆಯದು ಚೆನ್ನಾಗಿ ಕೂರುತ್ತದೆ. ಅಕ್ಷರದಿಂದ ರಕ್ತ ಸುರಿಸುವುದು ಬೇಡ.

ಸಂಗೀತ

ಸಿನಿಮಾ ಹಾಡಿನ ಬಿಜಿಎಂ ಎತ್ತಿ ಹಾಕಿದರೆ ಕ್ಲಾಸಿನಲ್ಲಿ ಶಿಳ್ಳೆ ಬೀಳುತ್ತದೆ. ಯೂಟ್ಯೂಬಿಗೆ ಹಾಕಿದರೆ ಅದರ ಕಂಟೆಂಟ್ ಐಡಿ (ಬೇರೆಯವರ ಹಾಡು ಪತ್ತೆಹಚ್ಚುವ ವ್ಯವಸ್ಥೆ) ಹಿಡಿಯುತ್ತದೆ, ಕಾಲೇಜು ಪ್ರಾಜೆಕ್ಟ್ ಅನ್ನುವ ಸಬೂಬು ಅದಕ್ಕೆ ಗೊತ್ತಿಲ್ಲ. ಯೂಟ್ಯೂಬ್ ಆಡಿಯೊ ಲೈಬ್ರರಿ ನಿಶ್ಚಿಂತೆಯ ದಾರಿ, ಆದರೆ ಅಲ್ಲಿನ ಟ್ಯೂನು ಎಲ್ಲೋ ಕೇಳಿದ ಹಾಗಿರುತ್ತದೆ. ಬಾಗಿಲು, ಗುಡುಗು, ಹೆಜ್ಜೆಯ ಸದ್ದಿಗೆ ಫ್ರೀಸೌಂಡ್ ಅನ್ನುವ ವೆಬ್‌ಸೈಟ್. ಪ್ರತಿ ಫೈಲಿನ ಲೈಸೆನ್ಸ್ ಬೇರೆ ಬೇರೆ ಇರುತ್ತದೆ. ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್: ಸಿಸಿ0 ಇದ್ದರೆ ಹೆಸರು ಹಾಕಲೇಬೇಕು ಅಂತಿಲ್ಲ, ಸಿಸಿ ಬೈ ಇದ್ದರೆ ಮಾಡಿದವರ ಹೆಸರು ಹಾಕಲೇಬೇಕು.

ಎಐನಿಂದ ಟ್ಯೂನ್ ಮಾಡಿಸುವುದಾದರೆ ರಿಪೋರ್ಟಿನಲ್ಲಿ ಬರೆದುಬಿಡಿ. ನನ್ನನ್ನು ಕೇಳಿದರೆ, ಕ್ಲಾಸಿನಲ್ಲಿ ತಬಲಾನೋ ಡೊಳ್ಳೋ ನುಡಿಸುವವರು ಒಬ್ಬರು ಇರುತ್ತಾರಲ್ಲ, ಅವರನ್ನು ಹಿಡಿಯಿರಿ. ಒಂದೂವರೆ ನಿಮಿಷದ ತಾಳ ಮೊದಲೇ ರೆಕಾರ್ಡ್ ಮಾಡಿಕೊಂಡು ಅದರ ಪೆಟ್ಟಿಗೆ ಶಾಟ್ ಕತ್ತರಿಸಿದರೆ ಟ್ರೇಲರ್ ತಾನಾಗಿ ನಡಿಗೆ ಕಲಿಯುತ್ತದೆ.

ಎಲ್ಲಿ ತೋರಿಸಿ ನೋಡುವುದು

ರಫ್ ಕಟ್ ಆದಮೇಲೆ ಲಿಂಕ್ ಕಳಿಸಿ "ಹೇಗಿದೆ?" ಅಂದರೆ "ಸೂಪರ್ ಮಗಾ" ಅಂತ ಬರುತ್ತದೆ, ಜೊತೆಗೆ ಬೆಂಕಿಯ ಎಮೋಜಿ. ಕಥೆ ಗೊತ್ತಿಲ್ಲದ ಐದು ಜನರನ್ನು ಕರೆದು ತೋರಿಸಿ. ನೀವು ಪರದೆ ನೋಡಬೇಡಿ, ಅವರ ಮುಖ ನೋಡಿ. ಯಾವ ಸೆಕೆಂಡಿನಲ್ಲಿ ಫೋನ್ ಕಡೆ ಕಣ್ಣು ಹೋಯಿತು ಅಂತ ಬರೆದುಕೊಳ್ಳಿ. ಮುಗಿದಮೇಲೆ "ಇಷ್ಟ ಆಯ್ತಾ" ಅನ್ನಬೇಡಿ. "ಸಿನಿಮಾ ಯಾವುದರ ಬಗ್ಗೆ?" ಅಂತ ಮಾತ್ರ ಕೇಳಿ. ಐದರಲ್ಲಿ ಮೂವರು ಬೇರೆ ಬೇರೆ ಕಥೆ ಹೇಳಿದರೆ ಕಟ್ ಸರಿಯಿಲ್ಲ.

ಆಮೇಲೆ ಒಂದು ಸಲ, ಕೊನೆಗೆ ತೋರಿಸುವ ಆ ರೂಮಿನ ಪ್ರೊಜೆಕ್ಟರಿನಲ್ಲೇ ಹಾಕಿ ನೋಡಿ. ಲ್ಯಾಪ್‌ಟಾಪಿನಲ್ಲಿ ಚಂದ ಕಂಡ ರಾತ್ರಿ ದೃಶ್ಯ ಅಲ್ಲಿ ಕರೀ ಕಂಬಳಿಯಾಗಿರುತ್ತದೆ, ಕಿಟಕಿಗೆ ಪರದೆ ಇಲ್ಲದ ರೂಮಾದರೆ ಹೇಳುವುದೇ ಬೇಡ. ಹೆಡ್‌ಫೋನಿನಲ್ಲಿ ಗುಡುಗಿದ ಬೇಸ್ ಆ ಗೋಡೆಯ ಸ್ಪೀಕರಿನಲ್ಲಿ ಇರುವುದೇ ಇಲ್ಲ. ಅಟೆಂಡರ್ ಹತ್ತಿರ ಬೀಗದ ಕೈ ಯಾವಾಗ ಸಿಗುತ್ತದೆ ಅಂತ ಒಂದು ವಾರ ಮೊದಲೇ ಕೇಳಿಟ್ಟುಕೊಳ್ಳಿ.